ಎರಡು ಕೀಬೋರ್ಡಿಗೆ ಒಂದೇ ಶ್ರುತಿ

ಅರ್ಧ ಗಂಟೆಯ ಕೆಲಸ ಎಂದು ನಾನು ಹೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ಅದು ಮುಗಿದದ್ದು ಮರುವಾರದ ಬುಧವಾರ ಸಂಜೆ. ನಡುವಿನ ದಿನಗಳಲ್ಲಿ ನಾನು ಮನೆಯವರ ಮೇಲೆ, ಗಿರಾಕಿಗಳ ಮೇಲೆ, ಒಮ್ಮೆ ಸೋಲ್ಡರಿಂಗ್ ಐರನ್ನಿನ ಮೇಲೂ ರೇಗಿದ್ದೇನೆ. ತಪ್ಪು ಮಾತ್ರ ಎಲ್ಲಿಯೂ ಸಿಗಲಿಲ್ಲ. ಸಿಕ್ಕ ಮೇಲೆ ನೋಡಿದರೆ ಅದು ಮೊದಲಿನಿಂದಲೂ ಎಲ್ಲರ ಕಣ್ಣೆದುರೇ ಇತ್ತು.

ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಆಂಪ್ಲಿಫೈಯರ್, ಮೈಕು, ಶ್ರುತಿಪೆಟ್ಟಿಗೆ, ಕೀಬೋರ್ಡ್, ಸದ್ದು ಮಾಡುವ ಯಾವುದಾದರೂ ಸರಿ. ಹೆಂಗಸು ಏನು ರಿಪೇರಿ ಮಾಡುತ್ತಾಳೆ ಎಂದು ಮೊದಮೊದಲು ಮೂಗು ಮುರಿಯುತ್ತಿದ್ದವರೇ ಈಗ, ಬೇರೆಯವರು ಕೈಬಿಟ್ಟದ್ದನ್ನೆಲ್ಲ ತಂದು ನನ್ನ ತಲೆಗೆ ಕಟ್ಟುತ್ತಾರೆ. ಆ ಸೋಮವಾರ ಬಂದವರು ಭದ್ರಾವತಿಯ ಹಿರಿಯ ಕೀಬೋರ್ಡ್ ವಾದಕರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮನೆಮಾತು ತಮಿಳು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕೀಬೋರ್ಡನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡೇ ಬಂದಿದ್ದರು.

ಬಿಚ್ಚಿ ನೋಡಿದೆ. ಅರವತ್ತೊಂದು ಕೀಗಳಲ್ಲಿ ಹತ್ತೊಂಬತ್ತು ಉಸಿರೇ ಎತ್ತುತ್ತಿರಲಿಲ್ಲ. ಐದಾರು ಕೀಗಳು ಮೆಲ್ಲಗೆ ಮುಟ್ಟಿದರೂ ಕಿರುಚುತ್ತಿದ್ದವು. ಕೀಗಳ ಅಡಿಯಲ್ಲಿ ಒಂದು ರಬ್ಬರ್ ಪಟ್ಟಿ ಇರುತ್ತದೆ, ಅದು ಸವೆದಿತ್ತು. ಆ ಮಾಡೆಲ್ಲಿನ ಪಟ್ಟಿ ಈಗ ಸಿಗುವುದಿಲ್ಲ. ಸ್ಪಿರಿಟ್ ಹಾಕಿ ಒರೆಸಿ, ಪೆನ್ಸಿಲಿನ ಸೀಸ ತಿಕ್ಕಿ, ಹಿಂದೆ ಎರಡು ಸಲ ನಾನೇ ಅದಕ್ಕೆ ಜೀವ ಕೊಟ್ಟಿದ್ದೆ. ಈ ಸಲ ತಿಕ್ಕಲು ಅಲ್ಲಿ ರಬ್ಬರೇ ಉಳಿದಿರಲಿಲ್ಲ. ಹೊಸ ಕೀಬೋರ್ಡ್ ತೆಗೆದುಕೊಳ್ಳಿ ಎಂದೆ.

ಅವರು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೀಬೋರ್ಡಿನ ಮೂರು ಬಟನ್‌ಗಳ ಕೆಳಗೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಹೆಸರು ಬರೆದಿದ್ದರು: ಗಂಡಿನ ಕಡೆ, ಹೆಣ್ಣಿನ ಕಡೆ, ಧಾರೆ. ಮೂರೂ ಅವರು ವರ್ಷಗಟ್ಟಲೆ ಕೂತು ತಿದ್ದಿಕೊಂಡ ನಾದಸ್ವರದ ಟೋನುಗಳು. ಕೀಬೋರ್ಡಿನ ಜೊತೆಗೇ ಬರುವ ನಾದಸ್ವರ ಜಾತ್ರೆಯ ಪೀಪಿಯ ಹಾಗಿರುತ್ತದೆ. ಇವರದರಲ್ಲಿ ಊದುವವನು ಉಸಿರು ಕಟ್ಟಿ ಸ್ವರದಿಂದ ಸ್ವರಕ್ಕೆ ಜಾರುವುದು ಕೇಳಿಸುತ್ತದೆ. ಮದುವೆಮನೆಗಳಲ್ಲಿ ನಿಜವಾದ ವಾಲಗದವರು ಎಲ್ಲಿ ಕೂತಿದ್ದಾರೆಂದು ಜನ ಕತ್ತು ಚಾಚಿ ಹುಡುಕುವುದನ್ನು ನಾನೇ ಕಂಡಿದ್ದೇನೆ.

"ಕೀ ಹೋದ್ರೆ ಹೋಗ್ಲಿ ಅಮ್ಮ," ಎಂದರು. "ಒಳಗಡೆ ಇರೋ ಸೌಂಡು ನನ್ನ ಕೈಗೆ ಸಿಕ್ರೆ ಸಾಕು. ಇಲ್ಲಾಂದ್ರೆ ಮೇಷ್ಟ್ರು ಟ್ರ್ಯಾಕ್ ಹಾಕ್ತಾರಂತೆ."

ಮೇಷ್ಟ್ರು ಎಂದರೆ ಅವರ ಆರ್ಕೆಸ್ಟ್ರಾ ನಡೆಸುವವರು, ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಈಗೀಗ ಆರ್ಕೆಸ್ಟ್ರಾಗಳಲ್ಲಿ ವಾದ್ಯದವರೇ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕುತ್ತಾರೆ, ಅದರ ಮೇಲೆ ಹಾಡುತ್ತಾರೆ. ಮೇಷ್ಟ್ರು ಇಷ್ಟು ದಿನ ಅದಕ್ಕೆ ಒಪ್ಪಿರಲಿಲ್ಲ. ಆದರೆ ಹಿಂದಿನ ಎರಡು ಕಾರ್ಯಕ್ರಮಗಳಲ್ಲಿ ಕೀ ಕೈಕೊಟ್ಟು ಹಾಡು ನಡುವೆ ನಿಂತಿತ್ತು. ಮುಂದಿನ ಭಾನುವಾರ ಪ್ರಾಕ್ಟೀಸ್, ಬುಧವಾರ ಹೊಳೆಹೊನ್ನೂರಿನಲ್ಲಿ ಆರತಕ್ಷತೆ. ಭಾನುವಾರ ಸರಿಹೋಗದಿದ್ದರೆ ಇನ್ನು ಮುಂದೆ ಟ್ರ್ಯಾಕೇ ಎಂದು ಹೇಳಿ ಕಳಿಸಿದ್ದರು. ಟ್ರ್ಯಾಕ್ ಬಂದರೆ ಕೀಬೋರ್ಡಿನವರು ಮನೆಯಲ್ಲಿ ಕೂರಬೇಕು.

ಆಗ ನಾನು ದೊಡ್ಡ ಜಾಣೆಯ ಹಾಗೆ ಮಿಡಿ ವಿಷಯ ಎತ್ತಿದೆ. ಮಿಡಿ ಎಂದರೆ ಕಷ್ಟದ್ದೇನಲ್ಲ. ಒಂದು ಕೀಬೋರ್ಡಿನ ಔಟ್‌ನಿಂದ ಇನ್ನೊಂದರ ಇನ್‌ಗೆ ಒಂದು ಕೇಬಲ್. ಇಲ್ಲಿ ಕೀ ಒತ್ತಿದರೆ ಅಲ್ಲಿ ನುಡಿಯುತ್ತದೆ. ಕೇಬಲ್ಲಿನಲ್ಲಿ ಸದ್ದು ಹೋಗುವುದಿಲ್ಲ. ಯಾವ ಸ್ವರ, ಎಷ್ಟು ಜೋರು ಎಂಬ ಅಪ್ಪಣೆ ಹೋಗುತ್ತದೆ. ಅಂದರೆ ಕೀ ಬೇರೆಯದರದ್ದು, ಟೋನು ಇವರದ್ದು. ಅರ್ಧ ಗಂಟೆಯ ಕೆಲಸ ಸರ್, ಸಂಜೆ ತಗೊಂಡು ಹೋಗಿ ಎಂದೆ. ಅವರು ನಂಬಿ ಬೆಂಚಿನ ಮೇಲೆ ಕೂತರು.

ಅಂಗಡಿಯಲ್ಲಿದ್ದ ಹೊಸ ಕೀಬೋರ್ಡಿಗೆ ಯುಎಸ್‌ಬಿ ಕಿಂಡಿ ಮಾತ್ರ ಇತ್ತು, ಹಳೆಯದಕ್ಕೆ ಐದು ಪಿನ್ನಿನ ದುಂಡು ಕಿಂಡಿ ಮಾತ್ರ. ನಡುವೆ ಹಾಕುವ ಕನ್ವರ್ಟರ್ ಕೇಬಲ್ ತರಿಸಿದೆ. ಅದು ಬರಲು ಎರಡು ದಿನ. ಬಂದಮೇಲೆ ತಿಳಿಯಿತು, ಅದು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಕೆಲಸ ಮಾಡುತ್ತದೆ. ಎರಡು ಕೀಬೋರ್ಡುಗಳೂ ಇನ್ನೊಬ್ಬರು ಕರೆಯಲಿ ಎಂದು ಕಾಯುವ ಬೀಗರ ಹಾಗೆ ಸುಮ್ಮನೆ ಕೂತಿದ್ದವು. ಸರಿ, ನನ್ನ ಲ್ಯಾಪ್‌ಟಾಪನ್ನೇ ನಡುವೆ ಇಟ್ಟೆ. ಟೋನು ಬಂತು. ಖುಷಿಯಿಂದ ಫೋನ್ ಮಾಡಿ ಅವರನ್ನು ಕರೆಸಿದೆ. ಅವರು ಬಂದು ಲ್ಯಾಪ್‌ಟಾಪ್ ನೋಡಿದವರೇ ತಲೆಯಾಡಿಸಿಬಿಟ್ಟರು. ಸ್ಟೇಜಿನ ಮೇಲೆ ಅದು ಕಂಡರೆ ಎಲ್ಲರೂ ಟ್ರ್ಯಾಕ್ ಹಾಕಿದ್ದಾರೆ ಅಂದುಕೊಳ್ಳುತ್ತಾರೆ, ನಾನು ಸುಮ್ಮನೆ ಕೈ ಆಡಿಸುತ್ತಿದ್ದೇನೆ ಅನ್ನುತ್ತಾರೆ ಎಂದರು. ನನಗೆ ಸಿಟ್ಟು ಬಂತು. ಆಮೇಲೆ ಅವರು ಹೇಳುವುದು ಸರಿ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ದುಂಡು ಕಿಂಡಿಯ ಇನ್ನೊಂದು ಕೀಬೋರ್ಡ್ ರಾಗಿಗುಡ್ಡದ ಒಬ್ಬ ಸಂಗೀತದ ಟೀಚರ್ ಮನೆಯ ಅಟ್ಟದಲ್ಲಿ ಸಿಕ್ಕಿತು. ಅದರ ಸ್ಪೀಕರು ಸುಟ್ಟಿತ್ತು, ಕೀಗಳು ಮಾತ್ರ ಬೆಣ್ಣೆಯ ಹಾಗಿದ್ದವು. ನನಗೆ ಬೇಕಾಗಿದ್ದೂ ಅಷ್ಟೇ. ಬುಧವಾರದವರೆಗೆ ಇಟ್ಟುಕೋ, ಆದರೆ ಏನನ್ನೂ ಕತ್ತರಿಸಬೇಡ ಎಂದು ಷರತ್ತು ಹಾಕಿ ಕೊಟ್ಟರು.

ಕೇಬಲ್ ವಿಷಯದಲ್ಲಿ ನಾನು ಮಾಡಿದ ದಡ್ಡತನಕ್ಕೆ ಯಾರನ್ನೂ ದೂರುವಂತಿಲ್ಲ. ಹಳೆಯ ಟೇಪ್ ರೆಕಾರ್ಡರಿನ ಐದು ಪಿನ್ನಿನ ಕೇಬಲ್ ಒಂದು ಡಬ್ಬಿಯಲ್ಲಿತ್ತು. ಪಿನ್ ಐದು, ಆಕಾರ ಅದೇ, ಸರಿಯಾಗಿ ಕೂತೂ ಕೂತಿತು. ಸದ್ದು ಬರಲಿಲ್ಲ. ಇನ್, ಔಟ್ ಅದಲುಬದಲು ಮಾಡಿದೆ, ಸೆಟ್ಟಿಂಗ್ ಎಲ್ಲ ತಿರುವಿದೆ. ಗುರುವಾರ ಇಡೀ ಅದರಲ್ಲೇ ಹೋಯಿತು. ಕೊನೆಗೆ ಮಲ್ಟಿಮೀಟರ್ ಹಿಡಿದು ನೋಡಿದರೆ ಆ ಕೇಬಲ್ಲಿನಲ್ಲಿ ಪಿನ್ನುಗಳು ಒಂದು ತುದಿಯಿಂದ ಇನ್ನೊಂದಕ್ಕೆ ತಿರುವುಮುರುವಾಗಿದ್ದವು. ಮಿಡಿಗೆ ಬೇಕಾದ ನಾಲ್ಕು ಮತ್ತು ಐದನೆಯ ಪಿನ್ ನೇರವಾಗಿ ಇರಬೇಕು. ಒಂದು ತುದಿ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಇಷ್ಟು ವರ್ಷ ಕೆಲಸ ಮಾಡಿ, ಮೀಟರ್ ಹಿಡಿಯದೆ ಕೇಬಲ್ ನಂಬಿದೆನಲ್ಲ ಎಂದು ನಾಚಿಕೆಯಾಯಿತು.

ಆಮೇಲೂ ಸದ್ದಿಲ್ಲ. ರಾಗಿಗುಡ್ಡದ್ದು ಒಂದನೆಯ ಚಾನೆಲ್ಲಿನಲ್ಲಿ ಕಳಿಸುತ್ತಿತ್ತು, ಹಳೆಯದು ನಾಲ್ಕನೆಯದರಲ್ಲಿ ಕಿವಿಗೊಟ್ಟು ಕೂತಿತ್ತು. ಅದನ್ನು ಸರಿಮಾಡಿದರೆ ಇನ್ನೊಂದು ಕಾಟ. ರಾಗಿಗುಡ್ಡದ ಕೀಬೋರ್ಡಿನಲ್ಲಿ ಯಾವ ಟೋನಿನ ಬಟನ್ ತಗುಲಿದರೂ ಆ ಅಪ್ಪಣೆಯೂ ಕೇಬಲ್ಲಿನಲ್ಲಿ ಹೋಗಿ, ಹಳೆಯದರಲ್ಲಿ "ಧಾರೆ" ಮಾಯವಾಗಿ ಗಿಟಾರ್ ಬರುತ್ತಿತ್ತು. ಟೋನ್ ಬದಲಿಸುವ ಅಪ್ಪಣೆ ಕಳಿಸಬೇಡ ಎಂಬ ಸೆಟ್ಟಿಂಗ್ ಮೆನುವಿನ ಏಳನೆಯ ಪುಟದಲ್ಲಿತ್ತು. ಶುಕ್ರವಾರ ಸಂಜೆ ಎಲ್ಲ ಕೂಡಿಬಂತು. ಹಿರಿಯರು ಅಂಗಡಿಗೆ ಬಂದು ಸ್ಟ್ಯಾಂಡಿನಲ್ಲಿ ಕೆಳಗಿಟ್ಟ ರಾಗಿಗುಡ್ಡದ ಕೀಬೋರ್ಡಿನ ಮೇಲೆ ಕೈ ಇಟ್ಟರು, ಮೇಲಿಟ್ಟ ತಮ್ಮ ಹಳೆಯದರಲ್ಲಿ "ಗಂಡಿನ ಕಡೆ" ಒತ್ತಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು. ಅವರು ನುಡಿಸುತ್ತಲೇ ನನ್ನ ಕಡೆ ನೋಡಿ ತಲೆದೂಗಿದರು. ಆ ಐದು ನಿಮಿಷ ನನಗೆ ನಿಜವಾಗಿ ಹೆಮ್ಮೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಭದ್ರಾವತಿಯಲ್ಲಿ, ಕಾರ್ಖಾನೆಯ ಹಳೆ ಕ್ವಾರ್ಟರ್ಸ್ ಪಕ್ಕದ ಒಂದು ಹಾಲ್‌ನಲ್ಲಿ ಪ್ರಾಕ್ಟೀಸ್. ಮೊದಲನೆಯದು ಎಲ್ಲರೂ ಸೇರಿ ಹಾಡುವ ಪ್ರಾರ್ಥನೆ. ಚೆನ್ನಾಗಿ ಬಂತು. ಎರಡನೆಯದು ಮೇಷ್ಟ್ರ ಹಾಡು. ಪಲ್ಲವಿಗೇ ಅವರ ಗಂಟಲು ಕಟ್ಟಿಕೊಂಡ ಹಾಗಾಯಿತು. ಶ್ರುತಿ ಮೇಲಿತ್ತು. ಅವರು ಕೈ ಎತ್ತಿ ನಿಲ್ಲಿಸಿದರು. ಮೂರನೆಯದು ಹಾಡುಗಾರ್ತಿಯದು, ಅವರಿಗೆ ಶ್ರುತಿ ತೀರಾ ಕೆಳಗಾಯಿತು. ನಾಲ್ಕನೆಯದು ಮತ್ತೆ ಎಲ್ಲರೂ ಹಾಡುವುದು, ಅದು ಸರಿ. ಐದನೆಯದು ಮತ್ತೆ ಮೇಲೆ, ಈ ಸಲ ಯಾರ ಗಂಟಲಿಗೂ ಎಟುಕದಷ್ಟು ಮೇಲೆ.

ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರು ಎಲ್ಲ ಹಾಡನ್ನೂ ಬೆರಳಿಗೆ ಅಭ್ಯಾಸವಿರುವ ಒಂದೇ ಜಾಗದಲ್ಲಿ, ಬಿಳಿ ಒಂದರಲ್ಲಿ, ಅಂದರೆ ಮೊದಲ ಬಿಳಿ ಕೀಯನ್ನೇ ಸ ಮಾಡಿಕೊಂಡು, ನುಡಿಸುತ್ತಾರೆ. ಹಾಡುವವರಿಗೆ ಕರಿ ಒಂದು ಬೇಕೋ, ಬಿಳಿ ಎರಡು ಬೇಕೋ, ಶ್ರುತಿಯನ್ನು ಅಷ್ಟು ಮನೆ, ಅಂದರೆ ಕರಿ ಬಿಳಿ ಸೇರಿಸಿ ಎಣಿಸಿದ ಅಷ್ಟು ಕೀ, ಟ್ರಾನ್ಸ್‌ಪೋಸ್ ಬಟನ್ ಒತ್ತಿ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಹಾಡಿಗೊಂದು ಸಲ ಆ ಬಟನ್ ಮೇಲೆ ಕೈ ಹೋಗುತ್ತದೆ. ಶ್ರುತಿ ತಪ್ಪಿದರೆ ಮೊದಲು ನೋಡುವುದೂ ಅಲ್ಲೇ.

ನೋಡಿದೆವು. ಮೇಷ್ಟ್ರಿಗೆ ಬೇಕಾದದ್ದು ಕರಿ ಒಂದು, ಅಂದರೆ ಒಂದು ಮನೆ ಮೇಲೆ. ಮೇಲಿನ ಕೀಬೋರ್ಡಿನ ಡಿಸ್‌ಪ್ಲೇಯಲ್ಲಿ ಒಂದು ಎಂದಿತ್ತು. ಕೆಳಗಿನದರಲ್ಲೂ ಒಂದು ಎಂದಿತ್ತು. ಎರಡೂ ಸರಿಯಾಗಿದೆ ಎಂದು ಹಿರಿಯರು ಹೇಳಿದರು. ಎರಡೂ ಸರಿಯಾಗಿದೆ ಎಂದು ನಾನೂ ಬಗ್ಗಿ ನೋಡಿ ಹೇಳಿದೆ. ಹಾಗಾದರೆ ದೋಷ ಕೇಬಲ್ಲಿನದ್ದೇ ಎಂದು ನಾನು ಹಾಲ್‌ನ ನೆಲದ ಮೇಲೆ ಕೂತು ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಅದೇ ಗತಿ. ಹಳೆಯದರ ಮುಚ್ಚಳ ತೆಗೆದು ಬೋರ್ಡಿನ ಕನೆಕ್ಟರುಗಳನ್ನೆಲ್ಲ ಒತ್ತಿದೆ. ಅದೇ ಗತಿ. ಹನ್ನೆರಡೂವರೆ ಆಗಿತ್ತು. ತಬಲಾದವರು ಚೀಲದಿಂದ ಸುತ್ತಿಗೆ ತೆಗೆದು, ಏನೂ ಕೆಲಸವಿಲ್ಲದೆ, ಮತ್ತೆ ಒಳಗೆ ಇಟ್ಟರು.

"ಎಂತ ಮಾರಾಯ್ತಿ ಇದು," ಎಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಊಟ ಆದ್ಮೇಲೆ ಒಂದ್ಸಲ ನೋಡ್ತೀನಿ. ಆಗ್ಲಿಲ್ಲಾ ಅಂದ್ರೆ ಬುಧವಾರ ಟ್ರ್ಯಾಕೇ. ಟ್ರ್ಯಾಕಿಗೆ ಕೀ ಸವೆಯಲ್ಲ, ಶ್ರುತಿ ತಪ್ಪಲ್ಲ. ನಾನಾದ್ರೂ ಎಷ್ಟು ದಿನ ಅಂತ ಕಾಯ್ಲಿ?"

ಹಿರಿಯರು ತಮ್ಮ ಕೀಬೋರ್ಡಿನ ಮೇಲೆ ಬಗ್ಗಿದರು. ಪ್ಲಾಸ್ಟರಿನ ಒಂದು ಅಂಚು ಎದ್ದಿತ್ತು. ಅದನ್ನು ಉಗುರಿನಿಂದ ಒತ್ತಿ ಕೂರಿಸುತ್ತಿದ್ದರು. ನನಗೆ ಆಗ ಅಳು ಬರುವಷ್ಟು ರೇಗಿತ್ತು. ಅವರ ಮೇಲೂ ಅಲ್ಲ, ಮೇಷ್ಟ್ರ ಮೇಲೂ ಅಲ್ಲ, ಅರ್ಧ ಗಂಟೆ ಎಂದ ನನ್ನ ಬಾಯಿಯ ಮೇಲೆ.

ಎಲ್ಲರೂ ಊಟಕ್ಕೆ ಹೋದರು. ನಾನು ಹೋಗಲಿಲ್ಲ. ಹಾಡಿನ ಪಟ್ಟಿಯ ಹಿಂಬದಿಯಲ್ಲಿ ಬರೆಯತೊಡಗಿದೆ. ಬೇಕಾಗಿದ್ದದ್ದು ಕರಿ ಒಂದು, ಬಂದದ್ದು ಬಿಳಿ ಎರಡು. ಬೇಕಾಗಿದ್ದದ್ದು ಕರಿ ಎರಡು, ಬಂದದ್ದು ಕರಿ ಮೂರು. ಹಾಡುಗಾರ್ತಿಗೆ ಬೇಕಾಗಿದ್ದದ್ದು ಕರಿ ಐದು, ಬಂದದ್ದು ಕರಿ ನಾಲ್ಕು. ಕೈಬೆರಳಲ್ಲಿ ಮನೆ ಎಣಿಸಿದೆ. ಒಂದು ಬೇಕಾದಲ್ಲಿ ಎರಡು. ಮೂರು ಬೇಕಾದಲ್ಲಿ ಆರು. ಎರಡು ಇಳಿಯಬೇಕಾದಲ್ಲಿ ನಾಲ್ಕು ಇಳಿದಿತ್ತು. ಎಲ್ಲವೂ ಸರಿಯಾಗಿ ದುಪ್ಪಟ್ಟು. ಬಿಳಿ ಒಂದರ ಹಾಡುಗಳಲ್ಲಿ ಏರಿಸುವುದೇ ಇಲ್ಲ. ಸೊನ್ನೆಯ ದುಪ್ಪಟ್ಟು ಸೊನ್ನೆಯೇ. ಅಂಗಡಿಯಲ್ಲಿ ನಾವು ನುಡಿಸಿ ನೋಡಿದ್ದೆಲ್ಲ ಬಿಳಿ ಒಂದರಲ್ಲೇ.

ಕೆಳಗಿನ ಕೀಬೋರ್ಡ್ ಒಂದು ಮನೆ ಏರಿಸಿ ಅಪ್ಪಣೆ ಕಳಿಸುತ್ತಿತ್ತು. ಮೇಲಿನದು ಬಂದ ಅಪ್ಪಣೆಯನ್ನು ಇನ್ನೊಂದು ಮನೆ ಏರಿಸಿ ನುಡಿಯುತ್ತಿತ್ತು. ಎರಡೂ ಸರಿಯಾಗಿದ್ದದ್ದೇ ತಪ್ಪಾಗಿತ್ತು. ಎರಡು ಕೀಬೋರ್ಡ್ ಇಟ್ಟುಕೊಂಡು ನುಡಿಸುವವರು ಹಾಡು ಶುರುವಾಗುವ ಮುಂಚೆ ಎರಡರಲ್ಲೂ ಶ್ರುತಿ ಕೂರಿಸುತ್ತಾರೆ. ಹಿರಿಯರು, ತಮ್ಮ ಎರಡನೆಯ ಕೀಬೋರ್ಡ್ ಪೂರ್ತಿ ಕೆಟ್ಟು ಮೂಲೆ ಸೇರುವವರೆಗೆ, ಮೂವತ್ತು ವರ್ಷ ಅದನ್ನೇ ಮಾಡಿದವರು. ಅವರ ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಒಟ್ಟಿಗೇ ಹೋಗುತ್ತದೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ನೋಡಿಯೂ ಕಾಣದೆ ಇದ್ದದ್ದಕ್ಕೆ ಕಾರಣ ಒಂದೇ: ನಾನಾಗಿದ್ದರೂ ಎರಡನ್ನೂ ಒತ್ತುತ್ತಿದ್ದೆ.

ಅವರು ಊಟ ಮುಗಿಸಿ ಬಂದಾಗ ಹೇಳಿದೆ. ಅರ್ಥವಾಯಿತು, ನಕ್ಕರು ಕೂಡ. ಇನ್ನು ಮೇಲಿನದು ಮಾತ್ರ ಒತ್ತುತ್ತೇನೆ ಎಂದರು. ಮೇಷ್ಟ್ರು ಬರುವ ಮುಂಚೆ ನಾವಿಬ್ಬರೇ ಪ್ರಯತ್ನ ಮಾಡಿದೆವು. ಮೊದಲ ಹಾಡಿಗೆ ನೆನಪಿಟ್ಟು ಒಂದನ್ನೇ ಒತ್ತಿದರು. ಎರಡನೆಯದಕ್ಕೆ ಎರಡೂ ಕೈ ಹೋಯಿತು. ಮತ್ತೆ ಎಚ್ಚರಿಸಿದೆ. ಮೂರನೆಯದಕ್ಕೆ ಬಲಗೈಯನ್ನು ಬೇಕೆಂದೇ ತೊಡೆಯ ಮೇಲೆ ಇಟ್ಟುಕೊಂಡರು. ಆ ಗಮನದಲ್ಲಿ ಹಾಡಿನ ಶುರುವಿಗೆ ಬರುವ ವಾದ್ಯದ ಬಿಟ್ಟೇ ತಪ್ಪಿತು. ನಾಲ್ಕನೆಯದಕ್ಕೆ ನಾನು ಸ್ವಲ್ಪ ಜೋರಾಗಿಯೇ ಗದರಿದೆ. ಅಪ್ಪನ ವಯಸ್ಸಿನವರು. ಅವರು ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಕೈ ನನ್ನ ಮಾತು ಕೇಳ್ತಾ ಇಲ್ಲಮ್ಮ," ಎಂದರು. "ಮೇಷ್ಟ್ರಿಗೆ ಟ್ರ್ಯಾಕೇ ಹಾಕ್ಕೊಳ್ಳಿ ಅಂತ ಹೇಳ್ಬಿಡು."

ನನ್ನದೊಂದು ನಿಯಮ ಇತ್ತು. ಮಿಷಿನ್ ಸರಿಯಿದ್ದರೆ ಅದನ್ನು ಮುಟ್ಟಬಾರದು, ಕಲಿಯಬೇಕಾದದ್ದು ಮನುಷ್ಯ. ಗಿರಾಕಿಗಳು ಸ್ವಿಚ್ಚಿಗೆ ಕಾಗದ ತುರುಕಿ, ಟೇಪ್ ಸುತ್ತಿ ತಂದದ್ದನ್ನು ನಾನು ಬೈದುಕೊಂಡೇ ಕಿತ್ತುಹಾಕುತ್ತೇನೆ. ಆ ಮಧ್ಯಾಹ್ನ ಸರಿಯಾಗಿದ್ದ ಮಿಷಿನ್ನನ್ನು ನಾನೇ ಕೆಡಿಸಬೇಕಾಗಿ ಬಂತು. ಎರಡೂ ಕೀಬೋರ್ಡಿನ ಮೆನು ಮತ್ತೊಮ್ಮೆ ಜಾಲಾಡಿದೆ, ಅಲ್ಲಿ ಇದಕ್ಕೆ ದಾರಿ ಇರಲಿಲ್ಲ. ರಾಗಿಗುಡ್ಡದ ಟೀಚರಿಗೆ ಫೋನ್ ಮಾಡಿ, ಟ್ರಾನ್ಸ್‌ಪೋಸ್ ಬಟನ್ ಕೆಲಸ ಮಾಡದ ಹಾಗೆ ಒಳಗೆ ಒಂದು ಚೂರು ಇನ್ಸುಲೇಷನ್ ಟೇಪ್ ಇಡುತ್ತೇನೆ, ಕತ್ತರಿಸುವುದಿಲ್ಲ, ಬುಧವಾರ ತೆಗೆಯುತ್ತೇನೆ ಎಂದೆ. ಅಂಟು ಉಳಿಸಬೇಡ ಎಂದಷ್ಟೇ ಹೇಳಿದರು.

ಹದಿನಾಲ್ಕು ಸ್ಕ್ರೂ. ಬಟನ್ನಿನ ರಬ್ಬರು ಬೋರ್ಡನ್ನು ಮುಟ್ಟುವ ಜಾಗದಲ್ಲಿ, ಏರಿಸುವುದಕ್ಕೊಂದು ಇಳಿಸುವುದಕ್ಕೊಂದು, ಉಗುರಿನಗಲದ ಎರಡು ಚೂರು ಟೇಪ್. ಮುಚ್ಚಿದೆ. ಬಟನ್ ಒತ್ತಿದರೆ ಬೆರಳಿಗೆ ಮೊದಲಿನ ಹಾಗೆಯೇ ಟಕ್ ಎನ್ನುತ್ತಿತ್ತು, ಡಿಸ್‌ಪ್ಲೇಯಲ್ಲಿ ಸೊನ್ನೆ ಕದಲುತ್ತಿರಲಿಲ್ಲ.

"ಇನ್ಮೇಲೆ ಎರಡೂ ಒತ್ತಿ ಸರ್," ಎಂದೆ. "ನೆನಪಿಟ್ಕೋಬೇಡಿ."

ಅವರು ಒಂದು ಸಲ ಒತ್ತಿ ನೋಡಿದರು, ಇನ್ನೊಂದು ಸಲ ಒತ್ತಿದರು. ಫಿಟ್ಟರ್ ಆಗಿದ್ದವರು, ಏನು ಮಾಡಿದ್ದೇನೆಂದು ವಿವರಿಸುವುದು ಬೇಕಾಗಲಿಲ್ಲ. ಬೇಜಾರಾಯಿತೇನೋ ಎಂದು ನಾನು ಮುಖ ನೋಡಿದೆ. ಬೇಜಾರಾಗಿತ್ತು. ಆದರೂ ಹಾಡು ಯಾವುದು ಎಂದು ಕೇಳಿದರು.

ಮೇಷ್ಟ್ರು ಬಂದು ಹಾಡಿದರು. ಕರಿ ಒಂದು ಕರಿ ಒಂದರಲ್ಲೇ ಬಂತು. ಹಾಡುಗಾರ್ತಿ ಹಾಡಿದರು. ಹನ್ನೊಂದು ಹಾಡು ಮುಗಿಯುವ ಹೊತ್ತಿಗೆ ಟ್ರ್ಯಾಕಿನ ಮಾತು ಯಾರೂ ಎತ್ತಲಿಲ್ಲ. ಕಾರಣ ಕೇಳಿದಾಗ ಕೇಬಲ್ ಲೂಸ್ ಇತ್ತು ಎಂದೆ.

ಬುಧವಾರ ಹೊಳೆಹೊನ್ನೂರಿಗೆ ನಾನೂ ಹೋದೆ. ಕರೆದಿರಲಿಲ್ಲ, ಆದರೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ. ಕೈಚೀಲದಲ್ಲಿ ಇನ್ನೊಂದು ಕೇಬಲ್ ಇಟ್ಟುಕೊಂಡು ಸ್ಟೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಹುಡುಗ ಹುಡುಗಿ ಬಾಗಿಲಲ್ಲಿ ಕಾಣಿಸಿಕೊಂಡಾಗ ಹಿರಿಯರು "ಗಂಡಿನ ಕಡೆ" ಹಿಡಿದರು. ಊಟದ ಹಾಲ್‌ನಿಂದ ಇಬ್ಬರು ಅಜ್ಜಿಯರು ವಾಲಗದವರನ್ನು ನೋಡಲು ಎದ್ದು ಬಂದರು. ಪ್ರತಿ ಹಾಡಿಗೂ ಹಿರಿಯರ ಎರಡು ಕೈಗಳು ಎರಡು ಬಟನ್‌ಗಳ ಮೇಲೆ ಹೋಗುತ್ತಿದ್ದವು, ಪ್ರತಿ ಸಲವೂ ನಾನು ಕೈಚೀಲದೊಳಗಿನ ಕೇಬಲ್ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ಸಲವೂ ಶ್ರುತಿ ತಪ್ಪಲಿಲ್ಲ.

ಎಲ್ಲ ಮುಗಿದು ವೈರ್ ಸುತ್ತುವಾಗ ಮೇಷ್ಟ್ರು ನನ್ನ ಹತ್ತಿರ ಬಂದರು. ತುಂಬಾ ಸಂತೋಷದಲ್ಲಿದ್ದರು. ಬೆನ್ನು ತಟ್ಟಿ, ನೀನು ನನ್ನ ವಿದ್ಯಾರ್ಥಿನಿ ಅಂತ ಎಲ್ಲರಿಗೂ ಹೇಳಿದ್ದೇನೆ ಎಂದರು. ಆಮೇಲೆ, ಇವರ ಆ ಮೂರು ನಾದಸ್ವರದ ಬಿಟ್ಟುಗಳನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಡುವುದಕ್ಕೆ ಆಗುತ್ತದಾ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ವಯಸ್ಸಾದವರು, ಭಾರ ಹೊತ್ತು ಓಡಾಡುವುದು ತಪ್ಪುತ್ತದೆ, ಟೋನೂ ಉಳಿಯುತ್ತದೆ ಎಂದರು.

ಹಿರಿಯರು ನಮ್ಮ ಪಕ್ಕದಲ್ಲೇ ಬಗ್ಗಿ ಕೂತಿದ್ದರು. ಸುತ್ತುತ್ತಿದ್ದ ಕೈ ನಿಂತಿತು. ತಲೆ ಎತ್ತಲಿಲ್ಲ.

"ಆಗಲ್ಲ ಮೇಷ್ಟ್ರೇ," ಎಂದೆ. "ಹಳೇ ಮಾಡೆಲ್ಲು. ಅದರಿಂದ ರೆಕಾರ್ಡ್ ತೆಗೆಯೋಕೆ ಬರಲ್ಲ."

"ನೀನೇ ಆಗಲ್ಲ ಅಂದ್ಮೇಲೆ ಮುಗೀತು ಬಿಡು," ಎಂದು ಮೇಷ್ಟ್ರು ಊಟಕ್ಕೆ ಹೋದರು. ಅವರು ಗಣಿತದವರು, ನನ್ನ ಮಾತನ್ನು ನಂಬಿದರು. ಹಿರಿಯರು ಮತ್ತೆ ಸುತ್ತತೊಡಗಿದರು. ಅವರ ಕೈಯಲ್ಲಿದ್ದದ್ದು ಹಳೆಯ ಕೀಬೋರ್ಡಿನ ಸದ್ದನ್ನು ಹೊರಗೆ ಒಯ್ಯುವ ಲೈನ್ ಔಟ್ ಕೇಬಲ್. ಅದರ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಮೂರು ಬಿಟ್ ನುಡಿಸಿದರೆ ಆಯಿತು. ಅದು ಅವರಿಗೂ ಗೊತ್ತಿತ್ತು. ಇದೊಂದು ಮಾತ್ರ ನಿಜವಾಗಿಯೂ ಅರ್ಧ ಗಂಟೆಯ ಕೆಲಸವಾಗಿತ್ತು.